ರೋಮನ್ ಬೆಳ್ಳಿ ನಾಣ್ಯಗಳ ಸಂಗ್ರಹ: ಸಾರ್ವಜನಿಕರು ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ರೈಲು ಮಾರ್ಗದ ಕಾಮಗಾರಿ ನಡೆಯುತ್ತಿದ್ದ ಸಮಯದಲ್ಲಿ ನೆಲದಡಿಯಿಂದ 163 ಬೆಳ್ಳಿ ನಾಣ್ಯಗಳು ದೊರೆತವು. 1965ರಲ್ಲಿ ಹೆಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ ಇಂತಹವೇ 256 ನಾಣ್ಯಗಳು ಬೆಳಕಿಗೆ ಬಂದವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ರೋಮನ್ ಚಕ್ರವರ್ತಿಗಳ ಹೆಸರು ಮತ್ತು ಮುಖಮುದ್ರೆಗಳು ಈ ನಾಣ್ಯಗಳ ಮೇಲಿವೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಯುರೋಪಿನಲ್ಲಿ ಟಂಕಿಸಲಾದ ಬೆಳ್ಳಿಯು ಸಮುದ್ರ ದಾಟಿ, ಯಾವುದೇ ಬಂದರಿನಿಂದ ಬಹುದೂರವಿರುವ ಒಳನಾಡನ್ನು ತಲುಪಿತ್ತೆಂಬುದಕ್ಕೆ ಇವು ನೇರ ಸಾಕ್ಷಿಗಳಾಗಿವೆ.

ರೋಮನ್ ನಾಣ್ಯಗಳನ್ನು ಸಂಗ್ರಹಿಸುವ ಹವ್ಯಾಸವು ಜಗತ್ತಿನ ಅನೇಕ ದೇಶಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದು, ನಮ್ಮ ರಾಜ್ಯದಲ್ಲಿಯೂ ನಾಣ್ಯಾಸಕ್ತರ ಗಮನ ಇತ್ತ ಹರಿದಿದೆ. ಆದರೆ ಈ ನಾಣ್ಯಗಳ ಬೆಲೆ, ಅಸಲಿತನ ಮತ್ತು ಇವುಗಳಿಗೆ ಅನ್ವಯವಾಗುವ ಕಾನೂನುಗಳ ಕುರಿತು ತಪ್ಪು ತಿಳಿವಳಿಕೆ ಸಾಕಷ್ಟಿದೆ. ಈ ಹಿನ್ನೆಲೆಯಲ್ಲಿ ಅಗತ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಡಿನೇರಿಯಸ್ ನಾಣ್ಯದ ಪರಿಚಯ

ರೋಮ್ ರಾಜ್ಯದ ಪ್ರಮುಖ ಬೆಳ್ಳಿ ನಾಣ್ಯದ ಹೆಸರು ಡಿನೇರಿಯಸ್. ಇದು ಕ್ರಿ.ಪೂ. 211ರ ಸುಮಾರಿಗೆ ಚಲಾವಣೆಗೆ ಬಂದಿತು. ಆರಂಭದಲ್ಲಿ ಇದರ ಮೌಲ್ಯವು ಹತ್ತು 'ಆಸ್' ಎಂಬ ಕಂಚಿನ ನಾಣ್ಯಗಳಿಗೆ ಸಮವಾಗಿದ್ದುದರಿಂದ, ಹತ್ತು ಎಂಬ ಅರ್ಥದ ಲ್ಯಾಟಿನ್ ಪದದಿಂದ ಈ ಹೆಸರು ಬಂದಿದೆ. ಮುಂದೆ ಅದನ್ನು ಹದಿನಾರು ಆಸ್‌ಗಳಿಗೆ ಏರಿಸಿದರೂ ಹೆಸರು ಮಾತ್ರ ಹಾಗೆಯೇ ಉಳಿಯಿತು. ನಾಲ್ಕು ಸೆಸ್ಟರ್ಸ್‌ಗಳಿಗೆ ಒಂದು ಡಿನೇರಿಯಸ್, ಇಪ್ಪತ್ತೈದು ಡಿನೇರಿಯಸ್‌ಗಳಿಗೆ ಒಂದು ಚಿನ್ನದ ಆರಿಯಸ್ ಎಂಬ ಲೆಕ್ಕ ಸಾಮ್ರಾಜ್ಯದ ಕಾಲದಲ್ಲಿ ನಡೆಯುತ್ತಿತ್ತು. ಒಬ್ಬ ಕೂಲಿಯಾಳಿನ ಒಂದು ದಿನದ ದುಡಿಮೆಗೆ ಸುಮಾರು ಒಂದು ಡಿನೇರಿಯಸ್ ಸಲ್ಲುತ್ತಿತ್ತು. ಸಂಸ್ಕೃತದ 'ದೀನಾರ' ಎಂಬ ಪದವೂ, ಇಂದಿಗೂ ಕೆಲವು ಅರಬ್ ದೇಶಗಳಲ್ಲಿ ಬಳಕೆಯಲ್ಲಿರುವ ದಿನಾರ್ ಎಂಬ ಹಣದ ಹೆಸರೂ ಇದೇ ಮೂಲದವು.

ಅಗಸ್ಟಸನ (ಕ್ರಿ.ಪೂ. 27 - ಕ್ರಿ.ಶ. 14) ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಯಿಂದ 84 ನಾಣ್ಯಗಳನ್ನು ಟಂಕಿಸಲಾಗುತ್ತಿತ್ತು, ಪ್ರತಿ ನಾಣ್ಯದ ತೂಕ ಸುಮಾರು 3.9 ಗ್ರಾಂ, ಬೆಳ್ಳಿಯ ಅಂಶ ಶೇ. 97ಕ್ಕೂ ಮೇಲ್ಪಟ್ಟು. ವ್ಯಾಸವು ಸಾಮಾನ್ಯವಾಗಿ 17ರಿಂದ 19 ಮಿ.ಮೀ. ಇರುತ್ತದೆ. ಅಂದರೆ ಅಂಗೈಯಲ್ಲಿಟ್ಟರೆ ಇದು ತೀರಾ ಚಿಕ್ಕ ನಾಣ್ಯ.

ಭಾರತದಲ್ಲಿ ದೊರೆತ ಡಿನೇರಿಯಸ್‌ಗಳಲ್ಲಿ ಎರಡು ಮಾದರಿಗಳೇ ಬಹುಪಾಲು ಕಂಡುಬರುತ್ತವೆ. ಮೊದಲನೆಯದು ಅಗಸ್ಟಸನದು, ಅದರ ಹಿಂಭಾಗದಲ್ಲಿ ಅವನ ದತ್ತುಪುತ್ರರಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ, ಭರ್ಜಿಗಳೊಂದಿಗೆ ಎದುರುಮುಖವಾಗಿ ನಿಂತಿದ್ದಾರೆ. ಎರಡನೆಯದು ಟೈಬೀರಿಯಸನದು (ಕ್ರಿ.ಶ. 14 - 37), ಅದರ ಹಿಂಭಾಗದಲ್ಲಿ ಪೀಠದ ಮೇಲೆ ಕುಳಿತ ಸ್ತ್ರೀಯ ಚಿತ್ರವಿದೆ. ಇವೆರಡೂ ಇಂದಿನ ಫ್ರಾನ್ಸ್ ದೇಶದ ಲಿಯಾನ್ ನಗರದಲ್ಲಿದ್ದ, ಆಗ ಲುಗ್ಡುನಮ್ ಎನಿಸಿಕೊಂಡಿದ್ದ ಟಂಕಶಾಲೆಯಲ್ಲಿ ತಯಾರಾದವು.

ಭಾರತಕ್ಕೆ ಬಂದ ಬಗೆ

ಮುಂಗಾರು ಮಾರುತದ ಬೆನ್ನೇರಿ ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹೊರಟ ಹಡಗುಗಳು ಭರುಕಚ್ಛ, ಮುಜಿರಿಸ್ ಮೊದಲಾದ ಭಾರತೀಯ ಬಂದರುಗಳಿಗೆ ಬರುತ್ತಿದ್ದವು. ಕಾಳುಮೆಣಸು, ಮುತ್ತು, ಹತ್ತಿ ಬಟ್ಟೆ, ಸುಗಂಧ ದ್ರವ್ಯ ಮುಂತಾದವು ಇಲ್ಲಿಂದ ಹೋಗುತ್ತಿದ್ದವು. ಅವುಗಳಿಗೆ ಸಮನಾಗಿ ಕೊಡಬಲ್ಲ ಸರಕು ರೋಮನ್ ವರ್ತಕರ ಬಳಿ ಸಾಕಷ್ಟು ಇಲ್ಲದಿದ್ದುದರಿಂದ ವ್ಯತ್ಯಾಸವನ್ನು ನಾಣ್ಯದಲ್ಲಿ ತುಂಬಬೇಕಾಗುತ್ತಿತ್ತು. ಒಂದನೆಯ ಶತಮಾನದ ಗ್ರೀಕ್ ವ್ಯಾಪಾರಿಯೊಬ್ಬನ ಕೈಪಿಡಿಯಾದ 'ಪೆರಿಪ್ಲಸ್' ಕೃತಿಯು, ಭರುಕಚ್ಛದಲ್ಲಿ ರೋಮನ್ ಚಿನ್ನ ಬೆಳ್ಳಿ ನಾಣ್ಯಗಳನ್ನು ಸ್ಥಳೀಯ ನಾಣ್ಯಕ್ಕೆ ವಿನಿಮಯ ಮಾಡಿದಲ್ಲಿ ಲಾಭವಿದೆಯೆಂದು ತಿಳಿಸುತ್ತದೆ.

ಪ್ಲಿನಿ ಎಂಬ ರೋಮನ್ ಲೇಖಕನು ಕ್ರಿ.ಶ. 77ರ ಸುಮಾರಿಗೆ, ಭಾರತವು ಪ್ರತಿ ವರ್ಷ ಸಾಮ್ರಾಜ್ಯದಿಂದ ಐದು ಕೋಟಿ ಸೆಸ್ಟರ್ಸ್‌ಗಳನ್ನು ಸೆಳೆದುಕೊಳ್ಳುತ್ತಿದೆಯೆಂದು ದೂರಿದ್ದಾನೆ. ಇದನ್ನು ಡಿನೇರಿಯಸ್‌ಗೆ ಪರಿವರ್ತಿಸಿದಲ್ಲಿ 1.25 ಕೋಟಿ ನಾಣ್ಯಗಳಾಗುತ್ತವೆ. ಪೂರ್ತಿಯಾಗಿ ಬೆಳ್ಳಿಯಲ್ಲಿಯೇ ಪಾವತಿಯಾಯಿತೆಂದು ಭಾವಿಸಿದರೆ ಅದು ವರ್ಷಕ್ಕೆ 40 ಟನ್‌ಗೂ ಹೆಚ್ಚಿನ ಬೆಳ್ಳಿ. ಪ್ಲಿನಿಯ ಅಂಕಿಯನ್ನು ಲೆಕ್ಕಪತ್ರದ ಬಾಬ್ತಿನಂತೆ ಅಕ್ಷರಶಃ ಸ್ವೀಕರಿಸಲಾಗದು. ವಿಲಾಸದ ವೆಚ್ಚವನ್ನು ಖಂಡಿಸುವುದು ಅವನ ಉದ್ದೇಶವಾಗಿತ್ತು. ಆದರೂ ವ್ಯಾಪಾರದ ಬಾಕಿ ಯಾವ ಕಡೆಗೆ ವಾಲಿತ್ತೆಂಬುದರಲ್ಲಿ ಸಂದೇಹವಿಲ್ಲ.

ಇದೇ ಪ್ಲಿನಿ ದಾಖಲಿಸಿರುವ ಮತ್ತೊಂದು ಪ್ರಸಂಗ ಗಮನಾರ್ಹವಾಗಿದೆ. ಬಿರುಗಾಳಿಗೆ ಸಿಲುಕಿ ಶ್ರೀಲಂಕೆಯನ್ನು ತಲುಪಿದ ರೋಮನ್ ಪ್ರಜೆಯೊಬ್ಬನ ಬಳಿಯಿದ್ದ ಡಿನೇರಿಯಸ್‌ಗಳನ್ನು ಅಲ್ಲಿನ ದೊರೆ ಪರೀಕ್ಷಿಸಿದನಂತೆ. ಬೇರೆ ಬೇರೆ ಅರಸರ ಮುಖಗಳಿದ್ದರೂ ನಾಣ್ಯಗಳೆಲ್ಲವೂ ಒಂದೇ ತೂಕದವಾಗಿದ್ದುದನ್ನು ಕಂಡು, ಇಂತಹ ನಾಣ್ಯ ಮಾಡುವ ಜನ ಪ್ರಾಮಾಣಿಕರೇ ಇರಬೇಕೆಂದು ಮೆಚ್ಚಿದನಂತೆ.

ಈ ಮೆಚ್ಚುಗೆ ಬಹುಕಾಲ ಉಳಿಯುವಂತಹದಾಗಿರಲಿಲ್ಲ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿಯು ಒಂದು ಪೌಂಡ್ ಬೆಳ್ಳಿಗೆ 84ರ ಬದಲು 96 ನಾಣ್ಯಗಳನ್ನು ಟಂಕಿಸಲು ಆದೇಶಿಸಿದನಲ್ಲದೆ, ಬೆಳ್ಳಿಯಲ್ಲಿ ತಾಮ್ರದ ಬೆರಕೆಯನ್ನೂ ಹೆಚ್ಚಿಸಿದನು. ನಾಣ್ಯದ ತೂಕ ಸುಮಾರು 3.4 ಗ್ರಾಂಗೆ ಇಳಿಯಿತು. ಭಾರತದಲ್ಲಿ ದೊರೆತಿರುವ ಬೆಳ್ಳಿ ನಾಣ್ಯಗಳ ನಿಧಿಗಳಲ್ಲಿ ನೀರೋನ ಈ ಕ್ರಮಕ್ಕೆ ಹಿಂದಿನ ನಾಣ್ಯಗಳೇ ಹೇರಳವಾಗಿದ್ದು, ನಂತರದವು ವಿರಳ. ನಮ್ಮ ವರ್ತಕರೂ ಚಿನಿವಾರರೂ ಹಳೆಯ ಒಳ್ಳೆಯ ಬೆಳ್ಳಿಯನ್ನು ಗುರುತಿಸಿ ಅದನ್ನೇ ಕೇಳುತ್ತಿದ್ದರೆಂದು ಇದರಿಂದ ಊಹಿಸಬಹುದು. ಅನೇಕ ನಾಣ್ಯಗಳ ಮೇಲೆ ಕಾಣುವ ಸಣ್ಣ ಉಳಿಗುರುತು, ಒತ್ತುಮುದ್ರೆಗಳು ಇಂತಹ ಪರೀಕ್ಷೆಯ ಕುರುಹುಗಳಾಗಿರಬಹುದು. ತೆಲಂಗಾಣದ ನಲ್ಗೊಂಡ ಜಿಲ್ಲೆಯ ಅಕ್ಕನಪಲ್ಲಿಯಲ್ಲಿ ದೊರೆತ 1,531 ಡಿನೇರಿಯಸ್‌ಗಳ ನಿಧಿಯು ಈ ಬಗೆಯ ಅಧ್ಯಯನಕ್ಕೆ ಮುಖ್ಯ ಆಧಾರವಾಗಿದೆ. ರೋಮನ್ ನಾಣ್ಯವನ್ನು ನೋಡಿಕೊಂಡು ಭಾರತದಲ್ಲಿಯೇ ತಯಾರಿಸಿದ ಅನುಕರಣೆಗಳೂ ಇಂತಹ ನಿಧಿಗಳಲ್ಲಿ ಸೇರಿರುತ್ತವೆ. ಲ್ಯಾಟಿನ್ ಬಾರದ ಕುಶಲಕರ್ಮಿಯು ಅಕ್ಷರಗಳನ್ನು ಕೇವಲ ಗೀಟುಗಳಂತೆ ನಕಲು ಮಾಡಿರುವುದರಿಂದ ಇವನ್ನು ಗುರುತಿಸುವುದು ಕಷ್ಟವಲ್ಲ. ಇವು ಮೋಸದ ನಾಣ್ಯಗಳೆಂದು ತಳ್ಳಿಹಾಕತಕ್ಕವಲ್ಲ. ಪ್ರಾಚೀನವಾದ ಇವೂ ಸಂರಕ್ಷಣೆಗೆ ಅರ್ಹವಾಗಿವೆ.

ಅಪರೂಪವೂ ಬೆಲೆಯೂ

ಹಳೆಯದೆಲ್ಲವೂ ಅಪರೂಪ, ಅಪರೂಪವೆಲ್ಲವೂ ದುಬಾರಿ ಎಂಬ ನಂಬಿಕೆ ಸರಿಯಲ್ಲ. ಮೇಲೆ ಹೇಳಿದ ಟೈಬೀರಿಯಸನ ನಾಣ್ಯವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇದು ಬಹಳ ದೊಡ್ಡ ಸಂಖ್ಯೆಯಲ್ಲಿ ಉಳಿದುಬಂದಿದೆ. ಆದರೆ ಕ್ರೈಸ್ತ ಧರ್ಮಗ್ರಂಥದಲ್ಲಿ ತೆರಿಗೆಯ ಪ್ರಸ್ತಾಪ ಬಂದಾಗ ಯೇಸುವಿಗೆ ತೋರಿಸಿದ ನಾಣ್ಯ ಇದೇ ಎಂಬ ಸಾಂಪ್ರದಾಯಿಕ ನಂಬಿಕೆಯಿಂದಾಗಿ ಬೇಡಿಕೆ ಅಧಿಕವಾಗಿದ್ದು, ಇದಕ್ಕಿಂತ ವಿರಳವಾದ ಎಷ್ಟೋ ನಾಣ್ಯಗಳಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತದೆ. ಪೂರೈಕೆಯೊಂದೇ ಬೆಲೆಯನ್ನು ನಿರ್ಧರಿಸುವುದಿಲ್ಲ.

ನಿಜವಾದ ವಿರಳತೆಗೆ ಸಾಮಾನ್ಯ ಕಾರಣ ಆಳ್ವಿಕೆಯ ಅಲ್ಪಾವಧಿ. ಕ್ರಿ.ಶ. 193ರಲ್ಲಿ ಅರಮನೆಯ ಕಾವಲುಪಡೆಯು ರೋಮ್‌ನ ಸಿಂಹಾಸನವನ್ನೇ ಹರಾಜಿಗಿಟ್ಟಿತು. ಪ್ರತಿ ಸೈನಿಕನಿಗೆ 25,000 ಸೆಸ್ಟರ್ಸ್ ಕೊಡುವುದಾಗಿ ಕೂಗಿದ ಡಿಡಿಯಸ್ ಜೂಲಿಯಾನಸ್ ಅದನ್ನು ಪಡೆದನು. 66 ದಿನಗಳಲ್ಲಿ ಪಟ್ಟವನ್ನೂ ಪ್ರಾಣವನ್ನೂ ಕಳೆದುಕೊಂಡನು. ಅವನ ಡಿನೇರಿಯಸ್‌ಗಳು ಆ ಕಾರಣದಿಂದ ವಿರಳ. ಕ್ರಿ.ಶ. 238ರಲ್ಲಿ ಸುಮಾರು ಮೂರು ವಾರ ಮಾತ್ರ ಅಧಿಕಾರದಲ್ಲಿದ್ದ ಒಂದನೆಯ ಮತ್ತು ಎರಡನೆಯ ಗೋರ್ಡಿಯನ್‌ರ ನಾಣ್ಯಗಳು ಇನ್ನೂ ವಿರಳ.

ಎರಡನೆಯ ಕಾರಣ ಕರಗಿಸುವಿಕೆ. ಹೊಸ ನಾಣ್ಯದಲ್ಲಿ ಬೆಳ್ಳಿ ಕಡಿಮೆಯಾದಂತೆಲ್ಲ ಹಳೆಯ ಒಳ್ಳೆಯ ನಾಣ್ಯವು ಪೇಟೆಯಿಂದ ಮಾಯವಾಗಿ ಕುಲುಮೆಯನ್ನೋ ಕುಡಿಕೆಯನ್ನೋ ಸೇರುತ್ತದೆ. ಇದಕ್ಕೆ ತದ್ವಿರುದ್ಧವಾದ ನಿದರ್ಶನವೂ ಇದೆ. ಕ್ರಿ.ಪೂ. 32-31ರಲ್ಲಿ ಮಾರ್ಕ್ ಆಂಟನಿಯು ತನ್ನ ಸೈನ್ಯದಳಗಳಿಗೆ ಸಂಬಳ ಕೊಡಲು ಟಂಕಿಸಿದ ನಾಣ್ಯಗಳ ಬೆಳ್ಳಿ ಕೆಳದರ್ಜೆಯದಾಗಿತ್ತು. ಕರಗಿಸಲು ಯಾರೂ ಬಯಸದ ಕಾರಣ ಅವು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕೈಯಿಂದ ಕೈಗೆ ಓಡಾಡಿ, ಸವೆದು ನುಣುಪಾದ ಸ್ಥಿತಿಯಲ್ಲಿ ಇಂದಿಗೂ ಹೇರಳವಾಗಿ ದೊರೆಯುತ್ತವೆ. ಕೆಟ್ಟ ಹಣವು ಒಳ್ಳೆಯ ಹಣವನ್ನು ಹೊರದೂಡುತ್ತದೆಂಬ ಗ್ರೆಶಮ್ ನಿಯಮಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗಲಾರದು.

ಅತ್ಯಂತ ಪ್ರಸಿದ್ಧವಾದ ವಿರಳ ನಾಣ್ಯವು ಜೂಲಿಯಸ್ ಸೀಸರನನ್ನು ಕೊಂದ ಬ್ರೂಟಸ್ ಕ್ರಿ.ಪೂ. 42ರಲ್ಲಿ ಹೊರಡಿಸಿದ್ದು. ಅದರ ಹಿಂಭಾಗದಲ್ಲಿ ಎರಡು ಕಠಾರಿಗಳು, ನಡುವೆ ಗುಲಾಮಗಿರಿಯಿಂದ ಬಿಡುಗಡೆಯಾದವರು ಧರಿಸುತ್ತಿದ್ದ ಟೋಪಿ, ಕೆಳಗೆ ಕೊಲೆ ನಡೆದ ಮಾರ್ಚ್ 15ರ ಉಲ್ಲೇಖವಿದೆ. ಬೆಳ್ಳಿಯಲ್ಲಿ ಇವು ಸುಮಾರು ನೂರು, ಚಿನ್ನದಲ್ಲಿ ಕೇವಲ ಮೂರು ತಿಳಿದುಬಂದಿವೆ. ಚಿನ್ನದ ಒಂದು ನಾಣ್ಯವು 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ 32.4 ಲಕ್ಷ ಪೌಂಡ್‌ಗಳಿಗೆ ಮಾರಾಟವಾಯಿತು. ಆದರೆ ಅದರ ಪೂರ್ವ ಮಾಲೀಕತ್ವದ ಕುರಿತು ನೀಡಿದ್ದ ವಿವರ ಸುಳ್ಳೆಂದು ಅಮೆರಿಕದ ಅಧಿಕಾರಿಗಳ ತನಿಖೆಯಲ್ಲಿ ಕಂಡುಬಂದು, 2023ರಲ್ಲಿ ನಾಣ್ಯವನ್ನು ಗ್ರೀಸ್ ದೇಶಕ್ಕೆ ಹಿಂದಿರುಗಿಸಲಾಯಿತು. ನಾಣ್ಯ ಅಸಲಿಯೇ ಆಗಿತ್ತು. ಅದರ ಕಾಗದಪತ್ರ ಅಸಲಿಯಾಗಿರಲಿಲ್ಲ.

ನಕಲಿ ನಾಣ್ಯಗಳು

ನಕಲಿಯೆಂಬುದು ಹೊಸತೇನಲ್ಲ. ರೋಮನ್ನರ ಕಾಲದಲ್ಲಿಯೇ ತಾಮ್ರದ ಬಿಲ್ಲೆಗೆ ಬೆಳ್ಳಿಯ ತೆಳುಹಾಳೆ ಹೊದಿಸಿ ಅಚ್ಚೊತ್ತಿದ ನಾಣ್ಯಗಳು ಪೇಟೆಯಲ್ಲಿದ್ದವು. ಅಂಚು ಸವೆದಲ್ಲಿ ಒಳಗಿನ ಕೆಂಪು ಇಣುಕುವುದರಿಂದ ಇವು ಪತ್ತೆಯಾಗುತ್ತವೆ. ತೂಕವೂ ಕಡಿಮೆ ಬರುತ್ತದೆ.

ಆಧುನಿಕ ನಕಲಿಗಳು ಹೆಚ್ಚು ಅಪಾಯಕಾರಿ. ಎರಕ ಹೊಯ್ದವುಗಳಲ್ಲಿ ಅಂಚಿನ ಸುತ್ತ ಸಣ್ಣ ಗೆರೆ, ಮೇಲ್ಮೈಯಲ್ಲಿ ಗುಳ್ಳೆಯ ಗುಂಡಿಗಳು, ಮೊಂಡಾದ ಅಕ್ಷರಗಳು ಭೂತಗನ್ನಡಿಯಲ್ಲಿ ಕಾಣಬಹುದು. ಅಚ್ಚು ಕೊರೆದು ಹೊಡೆದ ನಕಲಿಗಳಲ್ಲಿ ಈ ಯಾವ ಲಕ್ಷಣವೂ ಇರುವುದಿಲ್ಲ. ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772-1830) ಇಂತಹವುಗಳಲ್ಲಿ ಎಷ್ಟು ನಿಪುಣನಾಗಿದ್ದನೆಂದರೆ, ತಾನು ತಯಾರಿಸಿದ ನಾಣ್ಯಗಳನ್ನು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿಟ್ಟು ಗಾಡಿಗೆ ಕಟ್ಟಿ ಊರೂರು ಸುತ್ತಾಡಿಸಿ, ಹಳತಾದ ಮೆರುಗು ಬರಿಸುತ್ತಿದ್ದನೆಂದು ಪ್ರಸಿದ್ಧಿಯಿದೆ. ಅವನ ಅಚ್ಚುಗಳು ಬರ್ಲಿನ್ ವಸ್ತುಸಂಗ್ರಹಾಲಯವನ್ನು ಸೇರಿವೆ. ಇಂತಹ ನಕಲಿಯನ್ನು ಬರಿಗಣ್ಣಿನಿಂದ ಪತ್ತೆ ಮಾಡುವುದು ಅನುಭವಿಗಳಿಗೂ ಕಷ್ಟ. ಆದುದರಿಂದ ಪ್ರಕಟಿತ ಸೂಚಿಗಳೊಂದಿಗೆ ಹೋಲಿಸಿ, ತಜ್ಞರ ಅಭಿಪ್ರಾಯ ಪಡೆದೇ ಮುಂದುವರಿಯತಕ್ಕದ್ದು. ಸಾಮ್ರಾಜ್ಯ ಕಾಲದ ನಾಣ್ಯಗಳ ಸಚಿತ್ರ ಸೂಚಿಯು ಅಂತರಜಾಲದಲ್ಲಿ ಉಚಿತವಾಗಿ ಲಭ್ಯವಿರುತ್ತದೆ. ಗ್ರಾಂನ ನೂರನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿಯನ್ನು ಸಂಗ್ರಾಹಕರು ಹೊಂದಿರುವುದು ಒಳಿತು.

ನಮ್ಮಲ್ಲಿ ಹೆಚ್ಚಾಗಿ ನಡೆಯುವ ವಂಚನೆಗೆ ಇಷ್ಟೆಲ್ಲ ಕೌಶಲ್ಯವೂ ಬೇಕಾಗಿಲ್ಲ. ಪಾಯ ಅಗೆಯುವಾಗ ಕುಡಿಕೆ ಸಿಕ್ಕಿತೆಂದು ಗುಟ್ಟಾಗಿ ಹೇಳಿ, ಒಂದೆರಡು ನಾಣ್ಯ ತೋರಿಸಿ, ಉಳಿದದ್ದಕ್ಕೆ ಮುಂಗಡ ಕೇಳುವುದು ಇದರ ಕ್ರಮ. ಇಲ್ಲಿ ಸಾರ್ವಜನಿಕರು ಒಂದು ಸರಳ ತರ್ಕವನ್ನು ಗಮನಿಸಬೇಕು. ಆ ಮಾತು ಸುಳ್ಳಾದಲ್ಲಿ ನಾಣ್ಯ ನಕಲಿ. ಮಾತು ನಿಜವಾದಲ್ಲಿ ಅದು ಸರ್ಕಾರಕ್ಕೆ ತಿಳಿಸಲೇಬೇಕಾದ ನಿಧಿ. ಎರಡರಲ್ಲಿಯೂ ಕೊಂಡವರಿಗೆ ನಷ್ಟವೇ.

ನಾಣ್ಯಗಳ ರಕ್ಷಣೆ

ಹಬ್ಬದ ಮುನ್ನಾದಿನ ಬೆಳ್ಳಿಯ ದೀಪ, ತಟ್ಟೆಗಳನ್ನು ತೊಳೆಯುವಂತೆ ಪ್ರಾಚೀನ ನಾಣ್ಯವನ್ನು ಹುಣಸೆಹಣ್ಣು, ಬೂದಿ ಅಥವಾ ಪಾಲಿಶ್ ಹಾಕಿ ಉಜ್ಜತಕ್ಕದ್ದಲ್ಲ. ಶತಮಾನಗಳಲ್ಲಿ ಮೂಡಿದ ಕಪ್ಪು ಛಾಯೆಯು ನಾಣ್ಯಕ್ಕೆ ರಕ್ಷಣೆಯೂ ಹೌದು, ಅಸಲಿತನದ ಸುಳಿವೂ ಹೌದು. ಹಳೆಯ ಬೆಳ್ಳಿಯು ಒಳಗೊಳಗೇ ಹರಳುಗಟ್ಟಿ ಪೆಡಸಾಗಿರುವ ಸಾಧ್ಯತೆಯಿದ್ದು, ಕೈಜಾರಿ ಬಿದ್ದರೂ ಎರಡು ತುಂಡಾಗಬಹುದು. ಮೆದು ಪಿ.ವಿ.ಸಿ. ಚೀಲಗಳು ಕಾಲಕ್ರಮೇಣ ಲೋಹಕ್ಕೆ ಹಾನಿಮಾಡುವುದರಿಂದ ಆಮ್ಲರಹಿತ ಕಾಗದದ ಲಕೋಟೆ ಸೂಕ್ತ. ಲಕೋಟೆಯ ಮೇಲೆ ತೂಕ, ವ್ಯಾಸ, ಕೊಂಡ ದಿನಾಂಕ, ಮಾರಿದವರ ವಿವರ ಮತ್ತು ರಸೀದಿ ಸಂಖ್ಯೆಯನ್ನು ನಮೂದಿಸತಕ್ಕದ್ದು.

ಕಾನೂನಿನ ಅಂಶಗಳು

ಪುರಾತನ ವಸ್ತು ಮತ್ತು ಕಲಾನಿಧಿ ಅಧಿನಿಯಮ, 1972 (1976ರಿಂದ ಜಾರಿಯಲ್ಲಿರುವಂತಹದು) ಇದರ ಪ್ರಕಾರ ನೂರು ವರ್ಷಗಳಿಗೆ ಕಡಿಮೆಯಿಲ್ಲದಷ್ಟು ಹಳೆಯದಾದ ನಾಣ್ಯವು ಪುರಾತನ ವಸ್ತುವಾಗಿದೆ. ಈ ವ್ಯಾಖ್ಯೆಯು ವಸ್ತುವಿನ ವಯಸ್ಸನ್ನು ನೋಡುತ್ತದೆಯೇ ಹೊರತು ಅದು ಯಾವ ದೇಶದಲ್ಲಿ ತಯಾರಾಯಿತೆಂಬುದನ್ನಲ್ಲ. ಆದುದರಿಂದ ರೋಮನ್ ನಾಣ್ಯಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಪುರಾತನ ವಸ್ತುಗಳ ಮಾರಾಟವನ್ನು ವ್ಯವಹಾರವಾಗಿ ನಡೆಸಲು ಪರವಾನಗಿ ಕಡ್ಡಾಯ. ಖಾಸಗಿ ವ್ಯಕ್ತಿಗಳು ಇವನ್ನು ದೇಶದ ಹೊರಗೆ ಕಳುಹಿಸುವುದು ನಿಷಿದ್ಧವಾಗಿದ್ದು, ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಕಾರಾಗೃಹ ವಾಸ ಹಾಗೂ ಜುಲ್ಮಾನೆ ವಿಧಿಸಬಹುದಾಗಿದೆ. ವಿದೇಶದಲ್ಲಿರುವ ಬಂಧುಗಳಿಗೆ ಉಡುಗೊರೆಯಾಗಿ ಒಂದೇ ಒಂದು ನಾಣ್ಯ ಕಳುಹಿಸಿದರೂ ಇದು ಅನ್ವಯಿಸುತ್ತದೆ.

ಭೂಮಿಯಲ್ಲಿ ದೊರೆತ ನಾಣ್ಯಗಳ ವಿಷಯ ಬೇರೆ. ನಮ್ಮ ಹಳೆಯ ಶಾಸನಗಳಲ್ಲಿ ಭೂಮಿಯನ್ನು ದಾನ ಕೊಡುವಾಗ 'ನಿಧಿ, ನಿಕ್ಷೇಪ, ಜಲ, ಪಾಷಾಣ' ಎಂದು ಮೊದಲಾಗುವ ಅಷ್ಟಭೋಗಗಳನ್ನು ಹೆಸರಿಸಿ ಕೊಡುತ್ತಿದ್ದರು. ಬಿಡಿಸಿ ಹೇಳದಿದ್ದರೆ ನೆಲದಡಿಯ ನಿಧಿಯ ಹಕ್ಕಿನ ಬಗ್ಗೆ ತಕರಾರು ಏಳುತ್ತಿತ್ತೆಂದು ಇದರಿಂದ ತಿಳಿಯುತ್ತದೆ. ಈಗ ಕರ್ನಾಟಕದಲ್ಲಿ 1962ರ ನಿಧಿ ಅಧಿನಿಯಮವು ಜಾರಿಯಲ್ಲಿದ್ದು, ನಿಧಿ ದೊರೆತಲ್ಲಿ ತಿಳಿಸದೆ ಬಚ್ಚಿಡುವುದು ಅಪರಾಧವಾಗಿದೆ.

ಬಚ್ಚಿಡುವ ಮನಸ್ಸು ಏಕೆ ಬರುತ್ತದೆಂಬುದನ್ನೂ ಅರಿಯಬೇಕು. ಬ್ರಿಟಿಷರ ಕಾಲದ 1878ರ ಅಧಿನಿಯಮದಲ್ಲಿ, ಸರ್ಕಾರವು ನಿಧಿಯನ್ನು ಪಡೆದುಕೊಳ್ಳುವಾಗ ಅದರಲ್ಲಿನ ಲೋಹದ ಬೆಲೆ ಮತ್ತು ಅದರ ಐದನೆಯ ಒಂದು ಭಾಗವನ್ನು ಹೆಚ್ಚುವರಿಯಾಗಿ ಕೊಡಬೇಕೆಂದಿತ್ತು. ಚಿನ್ನಕ್ಕೆ ಇದು ದೊಡ್ಡ ಮೊತ್ತವೇ. ಆದರೆ ಯಶವಂತಪುರದ 163 ಡಿನೇರಿಯಸ್‌ಗಳ ಒಟ್ಟು ತೂಕ ಲೆಕ್ಕ ಹಾಕಿದರೆ ಸುಮಾರು 600 ಗ್ರಾಂ ಮಾತ್ರ. ಒಂದು ಮನೆಯ ಪೂಜೆಯ ಬೆಳ್ಳಿ ಸಾಮಾನಿನಷ್ಟು. ಅಕ್ಕಸಾಲೆಯ ಮೂಸೆಯಲ್ಲಿ ಅದು ಅಷ್ಟೇ ಬೆಲೆಬಾಳುತ್ತದೆ. ಹಾಗೆ ಮೂಸೆಗೆ ಹೋದ ಕುಡಿಕೆಗಳ ಲೆಕ್ಕ ಯಾವ ದಾಖಲೆಯಲ್ಲಿಯೂ ಇರಲು ಸಾಧ್ಯವಿಲ್ಲ.

ಒಂದು ಸುತ್ತಿಗೆಯ ಪ್ರಸಂಗ

ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಹಾಕ್ಸ್‌ನ್ ಗ್ರಾಮದಲ್ಲಿ 1992ರ ನವೆಂಬರ್ 16ರಂದು ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಗಿತ್ತು. ಅದನ್ನು ಲೋಹಶೋಧಕ ಯಂತ್ರದಿಂದ ಹುಡುಕಿಕೊಡಲು ಬಂದ ಸ್ನೇಹಿತನಿಗೆ ಬೆಳ್ಳಿಯ ಚಮಚ, ಚಿನ್ನಾಭರಣ ಮತ್ತು ನಾಣ್ಯಗಳು ಕಂಡವು. ಆತನು ಪೂರ್ತಿ ಅಗೆಯದೆ ಕೆಲಸ ನಿಲ್ಲಿಸಿ ವಿಷಯ ತಿಳಿಸಿದನು. ಮರುದಿನವೇ ಪುರಾತತ್ವಜ್ಞರು ಬಂದು ಶಾಸ್ತ್ರೋಕ್ತವಾಗಿ ಉತ್ಖನನ ನಡೆಸಿದರು. ಒಟ್ಟು 14,865 ನಾಣ್ಯಗಳು ದೊರೆತವು. ಅವುಗಳಲ್ಲಿ 14,212 ಸಿಲಿಕ್ವಾ ಎಂಬ ಸಣ್ಣ ಬೆಳ್ಳಿ ನಾಣ್ಯಗಳು. ಅವು ನೆಲದಲ್ಲಿ ಹೇಗಿದ್ದವೋ ಹಾಗೆಯೇ ದಾಖಲಾದುದರಿಂದ ಎಲ್ಲವನ್ನೂ ಮರದ ಪೆಟ್ಟಿಗೆಯಲ್ಲಿ, ಅದರೊಳಗಿನ ಚಿಕ್ಕ ಪೆಟ್ಟಿಗೆಗಳಲ್ಲಿ ಜೋಡಿಸಿಡಲಾಗಿತ್ತೆಂದು ತಿಳಿಯಿತು. ಬಹುತೇಕ ಎಲ್ಲ ಸಿಲಿಕ್ವಾಗಳ ಅಂಚನ್ನು ಕತ್ತರಿಸಿ ಬೆಳ್ಳಿ ತೆಗೆಯಲಾಗಿತ್ತು, ಆದರೆ ಚಕ್ರವರ್ತಿಯ ಮುಖಕ್ಕೆ ಕತ್ತರಿ ತಾಗದಂತೆ ಎಚ್ಚರ ವಹಿಸಲಾಗಿತ್ತು. ರೋಮನ್ ಆಡಳಿತ ಕುಸಿಯುತ್ತಿದ್ದ ದಿನಗಳಲ್ಲಿ ಬ್ರಿಟನ್ನಿನ ಹಣಕಾಸಿನ ಸ್ಥಿತಿ ಹೇಗಿತ್ತೆಂಬುದಕ್ಕೆ ಇದು ಅಪೂರ್ವ ಆಧಾರವಾಯಿತು.

ಆ ನಿಧಿಯಲ್ಲಿ ಬೆಳ್ಳಿಯ ನಾಲ್ಕು ಮೆಣಸಿನ ಕರಂಡಕಗಳೂ ಇದ್ದವು. ರೋಮನ್ನರ ಬೆಳ್ಳಿ ಮೆಣಸಿಗಾಗಿ ಮಲಬಾರಿನತ್ತ ಹರಿಯಿತು. ಮೆಣಸು ಹಡಗೇರಿ ಅವರ ಸಾಮ್ರಾಜ್ಯದ ಪಡುವಣ ಅಂಚಿನ ಈ ಮನೆಯನ್ನೂ ಮುಟ್ಟಿತ್ತು.

ನಿಧಿಗೆ ಮಾರುಕಟ್ಟೆ ದರದಂತೆ 17.5 ಲಕ್ಷ ಪೌಂಡ್‌ಗಳೆಂದು ಬೆಲೆ ಕಟ್ಟಿ ಆ ಮೊತ್ತವನ್ನು ಪಾವತಿಸಲಾಯಿತು. ಕಂಡವನು ಅದನ್ನು ರೈತನೊಂದಿಗೆ ಹಂಚಿಕೊಂಡನು. ಸುತ್ತಿಗೆಯೂ ಸಿಕ್ಕಿತು, ಅದು ಈಗ ನಿಧಿಯೊಂದಿಗೆ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಮ್ಮ ರಾಜ್ಯದಲ್ಲಿಯೂ ಇದಕ್ಕೆ ಹೋಲುವ ನಿದರ್ಶನವಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಡಾ. ಎಂ.ಹೆಚ್. ಕೃಷ್ಣ ಅವರೂ, 1947ರಲ್ಲಿ ಸರ್ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಅಲ್ಲಿ ದೊರೆತ ಅಗಸ್ಟಸ್ ಮತ್ತು ಟೈಬೀರಿಯಸರ ಡಿನೇರಿಯಸ್‌ಗಳು ಸಂಖ್ಯೆಯಲ್ಲಿ ಅತ್ಯಲ್ಪ. ಆದರೆ ಅವು ಮಣ್ಣಿನ ನಿರ್ದಿಷ್ಟ ಸ್ತರಗಳಲ್ಲಿ, ಶಾತವಾಹನರ ಕಾಲದ ನಾಣ್ಯ ಮತ್ತು ಮಡಕೆಗಳ ಸಂಗಡ ದೊರೆತುದರಿಂದ ಆ ನೆಲೆಯ ಕಾಲನಿರ್ಣಯಕ್ಕೆ ನೆರವಾದವು. ರೈಲು ಮಾರ್ಗದ ಅಗೆತದಲ್ಲಿ ಬಿಡಿಬಿಡಿಯಾಗಿ ಹೊರಬಂದ ನೂರಾರು ನಾಣ್ಯಗಳಿಂದ ಇಂತಹ ಮಾಹಿತಿ ದೊರೆಯಲಿಲ್ಲ. ಅವನ್ನು ಹೂತವರು ಯಾರು, ಯಾವ ಕಾಲದಲ್ಲಿ, ಅಕ್ಕಪಕ್ಕದಲ್ಲಿ ಮನೆಯಿತ್ತೇ, ಅಂಗಡಿಯಿತ್ತೇ ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿವೆ.

ಆದುದರಿಂದ ಮನೆಯ ಪಾಯ, ಕೊಳವೆ ಮಾರ್ಗ, ಹೊಲದ ಉಳುಮೆ ಅಥವಾ ಕೆರೆಯ ಹೂಳೆತ್ತುವ ಸಂದರ್ಭದಲ್ಲಿ ನಾಣ್ಯಗಳು ಕಂಡುಬಂದಲ್ಲಿ ಅಗೆಯುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ನಾಣ್ಯಗಳನ್ನು ಹೊರತೆಗೆದು ಎಣಿಸುವುದಾಗಲೀ ತೊಳೆಯುವುದಾಗಲೀ ಮಾಡಬಾರದು. ಸಾಧ್ಯವಾದರೆ ಇದ್ದ ಸ್ಥಿತಿಯಲ್ಲಿಯೇ ಛಾಯಾಚಿತ್ರ ತೆಗೆದು, ಜಾಗವನ್ನು ಮುಚ್ಚಿ, ಗ್ರಾಮ ಆಡಳಿತಾಧಿಕಾರಿಗಳು, ತಹಸೀಲ್ದಾರರು ಅಥವಾ ಸಮೀಪದ ಪೊಲೀಸ್ ಠಾಣೆಯ ಮೂಲಕ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು. ಕುಡಿಕೆ ಈಗಾಗಲೇ ಒಡೆದುಹೋಗಿದ್ದಲ್ಲಿ ಅದರ ಚೂರುಗಳನ್ನು ಎಸೆಯದೆ ನಾಣ್ಯಗಳ ಜೊತೆಯಲ್ಲಿಯೇ ಒಪ್ಪಿಸತಕ್ಕದ್ದು.